ಹ್ಯೂಸ್ಟನ್‌ಗೆ ಬರುವವರೇ, ಸೆಖೆಗಿಂತ ಮೊದಲು ನೀರು ನೋಡಿ

ಅಮೆರಿಕದ ಟೆಕ್ಸಸ್‌ನಲ್ಲಿ ಹ್ಯೂಸ್ಟನ್ ಇರುವ ಜಿಲ್ಲೆ, ಅಂದರೆ ಹ್ಯಾರಿಸ್ ಕೌಂಟಿಯ ಹವೆ ಮಕ್ಕಳಿಗೆ ಒಗ್ಗುತ್ತದಾ ಎಂದು ಕೇಳಿದ್ದೀರಿ. ಬೆಂಗಳೂರಿನಿಂದ ಬರುವವರಿಗೆ ಮೊದಲ ಬೇಸಿಗೆ ಕಷ್ಟವೇ. ನಾವು ಉಡುಪಿ ಕಡೆಯವರು. ನಮ್ಮ ಅತ್ತೆ ವಿಮಾನ ನಿಲ್ದಾಣದ ಬಾಗಿಲು ದಾಟಿದ ಕೂಡಲೇ ಕನ್ನಡಕ ಮಂಜಾಯಿತು. ಸೆರಗಲ್ಲಿ ಒರೆಸಿಕೊಂಡು, "ಇದೆಂಥ, ನಮ್ಮೂರಿನದ್ದೇ ಸೆಖೆ" ಅಂದರು.

ಮೆಕ್ಸಿಕೋ ಕೊಲ್ಲಿ ಹತ್ತಿರವಿದೆ, ಅಲ್ಲಿಂದ ಬರುವ ಗಾಳಿಯಲ್ಲಿ ಯಾವಾಗಲೂ ತೇವ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ 35 ಡಿಗ್ರಿ ಮಾಮೂಲಿ, ರಾತ್ರಿಯೂ ತಂಪಾಗುವುದಿಲ್ಲ. 2023ರ ಆಗಸ್ಟ್‌ನಲ್ಲಂತೂ 43ರ ಹತ್ತಿರ ಹೋಗಿತ್ತು. ಶಾಲೆ ಶುರುವಾಗುವುದೂ ಅದೇ ತಿಂಗಳು. ತಮಾಷೆ ಏನೆಂದರೆ, ನನ್ನ ಮಗಳ ಬ್ಯಾಗಿನಲ್ಲಿ ಆಗಲೂ ಸ್ವೆಟರ್ ಇರುತ್ತದೆ. ಕ್ಲಾಸಿನ ಏಸಿ ಅಷ್ಟು ಜೋರು! ಚಿಕ್ಕ ಮಗುವನ್ನು ಕಾರ್ ಸೀಟಿನಲ್ಲಿ ಕೂರಿಸುವ ಮೊದಲು ಬಕಲ್ ಮುಟ್ಟಿ ನೋಡಿ, ಸುಡುತ್ತದೆ. ಹೊರಗೆ ಆಡುವುದೆಲ್ಲ ಬೆಳಿಗ್ಗೆ ಬೇಗ, ಇಲ್ಲಾ ಸಂಜೆ ಏಳರ ಮೇಲೆ. ಆಗ ಸೊಳ್ಳೆ ಕಾಟ, ಅದು ಬೇರೆ ವಿಷಯ.

ಇದಕ್ಕೆಲ್ಲ ಮಕ್ಕಳು ಒಂದೇ ವರ್ಷದಲ್ಲಿ ಒಗ್ಗಿಕೊಳ್ಳುತ್ತಾರೆ. ನನಗೆ ಯೋಚನೆ ನೀರಿನದ್ದು.

ಇಲ್ಲಿ ವರ್ಷಕ್ಕೆ ಸುಮಾರು 50 ಇಂಚು ಮಳೆ. ಮಂಗಳೂರಿನ ಮುಂದೆ ಇದೇನೂ ಅಲ್ಲ. ಆದರೆ ನಮ್ಮೂರಲ್ಲಿ ನೀರು ಇಳಿಜಾರಿನಲ್ಲಿ ಹರಿದು ಸಮುದ್ರ ಸೇರುತ್ತದೆ. ಇಲ್ಲಿ ನೆಲ ತಟ್ಟೆಯಂತೆ ಚಪ್ಪಟೆ, ಮಣ್ಣು ಅಂಟು ಜೇಡಿ, ಮೇಲೆ ಕಾಂಕ್ರೀಟು. ಬಯೂ ಎನ್ನುವ ಹಳ್ಳಗಳು ತುಂಬಿದರೆ ನೀರು ರಸ್ತೆಯಲ್ಲೇ ನಿಲ್ಲುತ್ತದೆ. 2017ರ ಹಾರ್ವಿ ಚಂಡಮಾರುತದಲ್ಲಿ ಕೆಲವು ಕಡೆ ನಾಲ್ಕೈದು ದಿನಕ್ಕೆ 40 ಇಂಚಿಗೂ ಜಾಸ್ತಿ ಸುರಿಯಿತು. ಪಶ್ಚಿಮಕ್ಕೆ ಪ್ರವಾಹದ ನೀರು ತಡೆದು ನಿಲ್ಲಿಸಲೆಂದೇ ಕಟ್ಟಿದ ಅಡಿಕ್ಸ್, ಬಾರ್ಕರ್ ಎಂಬ ಎರಡು ಅಣೆಕಟ್ಟುಗಳಿವೆ. ಮಾಮೂಲಿ ದಿನ ಒಳಗೆ ನೀರೇ ಇರುವುದಿಲ್ಲ, ಜನ ವಾಕಿಂಗ್ ಹೋಗುತ್ತಾರೆ. ಆ ವರ್ಷ ಅವುಗಳ ಹಿಂದಿನ ಸಾವಿರಾರು ಮನೆಗಳಿಗೆ ನೀರು ನುಗ್ಗಿತು. ತಾವು ಅಣೆಕಟ್ಟಿನ ಒಳಗಡೆ ಮನೆ ಕೊಂಡಿದ್ದೇವೆಂದು ಎಷ್ಟೋ ಜನರಿಗೆ ಅವತ್ತೇ ಗೊತ್ತಾಗಿದ್ದು.

ನಮಗೆ ಮನೆ ತೋರಿಸಿದ ಏಜೆಂಟ್ ಕೂಡ "ಇಲ್ಲಿ ನೀರು ಬರುವುದೇ ಇಲ್ಲ" ಅಂದಿದ್ದ. ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. ಆಕೆ ಗ್ಯಾರೇಜಿನ ಗೋಡೆ ಮೇಲೆ, ಮೊಣಕಾಲಿನಷ್ಟು ಎತ್ತರದಲ್ಲಿ, ಒಂದು ಕಂದು ಗೆರೆ ತೋರಿಸಿದರು. ಆ ಮನೆ ಬಿಟ್ಟೆವು. ನೀವೂ ಎಲ್ಲಿ ಪ್ರವಾಹದ ಭಯವಿದೆ ಎಂದು ತೋರಿಸುವ ಫ್ಲಡ್ ಮ್ಯಾಪ್ ನೋಡಿ, ಜತೆಗೆ ಅಕ್ಕಪಕ್ಕದವರನ್ನೂ ಕೇಳಿ. ಸಾಮಾನ್ಯ ಮನೆ ವಿಮೆ ಪ್ರವಾಹಕ್ಕೆ ಬರುವುದಿಲ್ಲ. ಸರಕಾರದ ಪ್ರವಾಹ ವಿಮೆ ಬೇರೆ ತೆಗೆದುಕೊಳ್ಳಬೇಕು, ಅದು ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು. ಬಿರುಗಾಳಿ ಸುದ್ದಿ ಬಂದ ಮೇಲೆ ಓಡಿದರೆ ಆಗಲ್ಲ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30.

ಕರೆಂಟೂ ಹೋಗುತ್ತದೆ. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂದಾಗ ನಮ್ಮಲ್ಲಿ ಐದು ದಿನ ಇರಲಿಲ್ಲ. ಫ್ರಿಜ್ಜಿನಲ್ಲಿದ್ದ ದೋಸೆ ಹಿಟ್ಟು ಉಕ್ಕಿ ಕೆಳಗಿನ ತಟ್ಟೆವರೆಗೂ ಇಳಿದಿತ್ತು.

ಯಾವ ಕಡೆ ಮನೆ ನೋಡಿದ್ದೀರಿ ಹೇಳಿ. ಮುಂದಿನ ಸಲ ಜೋರು ಮಳೆ ಬಂದಾಗ ಆ ಬೀದಿಗೆ ಒಂದು ಸುತ್ತು ಹೋಗಿ, ಫೋಟೋ ಹಾಕುತ್ತೇನೆ.