ಆಡಿಟರ್‌ನ ಕೇಸಿಂದ ಕೈಬಿಟ್ಟಿದಾರೆ, ಈಗ್ಲೇ ಅಪೀಲ್ ಹಾಕ್ಬೇಕಾ ಇಲ್ಲ ಕಾಯ್ಬೇಕಾ?

ಕಬ್ಬಿನಗದ್ದೆ, ಮಂಡ್ಯ:
ಎಲ್ರಿಗೂ ನಮಸ್ಕಾರ. ನಮ್ಮಪ್ಪ ರಿಟೈರ್ ಆದಾಗ ಬಂದ ದುಡ್ಡಲ್ಲಿ ಮುಕ್ಕಾಲು ಪಾಲು ಮೈಸೂರಿನ ಒಂದು ಪ್ರೈವೇಟ್ ಕಂಪನೀಲಿ ಡಿಪಾಸಿಟ್ ಇಟ್ಟಿದ್ರು, ಹೆಸರು ಬೇಡ. ಏಜೆಂಟ್ ಕೊಟ್ಟಿದ್ದ ಬುಕ್ಲೆಟ್ಟಲ್ಲಿ ಬ್ಯಾಲೆನ್ಸ್ ಶೀಟು, ಅದ್ರ ಹಿಂದೆ ಆಡಿಟರ್ ಸೈನು ಸೀಲು ಎಲ್ಲಾ ಇತ್ತು, ಅಪ್ಪ ಅದ್ನ ನೋಡ್ಕೊಂಡೇ ಧೈರ್ಯ ಮಾಡಿದ್ದು. ಈಗ ಕಂಪನಿ ಬಾಗ್ಲು ಹಾಕೈತೆ, ಸಾಲ ಕೊಟ್ಟಿದೀವಿ ಅಂತ ತೋರ್ಸಿದ್ದ ಹೆಸ್ರುಗಳಲ್ಲಿ ಎಷ್ಟೋ ಜನ ಇಲ್ವೇ ಇಲ್ಲ. ನಾವು ಒಂದಷ್ಟು ಜನ ಸೇರಿ ಕಂಪನಿ, ಡೈರೆಕ್ಟರ್‌ಗಳು, ಆಡಿಟ್ ಫರ್ಮು ಮೂರರ ಮೇಲೂ ಮೈಸೂರು ಕೋರ್ಟಲ್ಲಿ ದಾವೆ ಹಾಕಿದ್ವಿ. ಹೋದ ತಿಂಗ್ಳು ಆಡಿಟರ್‌ಗೆ ಕಂಪನಿ ಕಡೆಗೆ ಮಾತ್ರ ಹೊಣೆ, ದುಡ್ಡು ಹಾಕ್ದೋರ ಕಡೆಗಿಲ್ಲ ಅಂತ ಹೇಳಿ ಆ ಫರ್ಮ್‌ನ ಕೇಸಿಂದ ಬಿಟ್ಬಿಟ್ರು, ಮಿಕ್ಕೋರ ಮೇಲೆ ನಡೀತಾ ಐತೆ. ನಮ್ಮ ಲಾಯರ್ರು ಪೂರ್ತಿ ಜಡ್ಜ್‌ಮೆಂಟ್ ಬರ್ಲಿ ಆಮೇಲೆ ಒಟ್ಟಿಗೆ ಅಪೀಲ್ ಹೋಗೋಣ ಅಂತಾರೆ. ಕಂಪನಿ ಹತ್ರ ಕವಡೆ ಕಾಸಿಲ್ಲ, ಏನಾದ್ರೂ ಸಿಕ್ಕಿದ್ರೆ ಆ ಫರ್ಮಿಂದ್ಲೇ. ಕಾಯೋದ್ ಸರೀನಾ?

ಕೋರ್ಟ್‌ಕಟ್ಟೆ, ಮೈಸೂರು:
ಮೊದ್ಲು ಆರ್ಡರ್ ಓದಿ, ಯಾವ ರೂಲ್ ಕೆಳಗೆ ಬಿಟ್ಟಿದಾರೆ ಅನ್ನೋದ್ರ ಮೇಲೇ ಎಲ್ಲಾ ನಿಂತಿರೋದು. ಸಿಪಿಸಿ (ಸಿವಿಲ್ ಕೇಸು ನಡೆಸೋ ಕಾಯ್ದೆ, ಅದ್ರ ಅಧ್ಯಾಯಗಳಿಗೂ ಆರ್ಡರ್ ಅಂತಾರೆ) ಆರ್ಡರ್ 1 ರೂಲ್ 10ರಲ್ಲಿ ಬರೀ ಪಾರ್ಟಿ ಹೆಸ್ರು ತೆಗೆದಿದ್ರೆ ಅದು ಡಿಕ್ರಿ (ಹಕ್ಕು ತೀರ್ಮಾನ ಮಾಡೋ ತೀರ್ಪು) ಅಲ್ಲ, ಅಪೀಲ್ ಹೋಗ್ಬಹುದಾದ ಆದೇಶಗಳ ಆರ್ಡರ್ 43ರ ಪಟ್ಟೀಲೂ ಇಲ್ಲ, ಆಗ ಹೈಕೋರ್ಟಿಗೆ ಸಂವಿಧಾನದ ಆರ್ಟಿಕಲ್ 227ರಲ್ಲಿ ಹೋಗ್ಬೇಕು, ಇಲ್ಲಾಂದ್ರೆ ಕೊನೇಲಿ ಅಪೀಲ್ ಹಾಕುವಾಗ ಸೆಕ್ಷನ್ 105ರಲ್ಲಿ ಈ ತಕರಾರನ್ನೂ ಎತ್ಬಹುದು, ಅಷ್ಟರ ಮಟ್ಟಿಗೆ ನಿಮ್ಮ ಲಾಯರ್ ಹೇಳಿದ್ದು ಸುಳ್ಳಲ್ಲ. ಆದ್ರೆ ಆರ್ಡರ್ 7 ರೂಲ್ 11ರಲ್ಲಿ ಪ್ಲೇಂಟ್ (ದಾವೆ ಅರ್ಜಿ) ರಿಜೆಕ್ಟ್ ಅಂತ ಬರೆದಿದ್ರೆ ಕಥೇನೇ ಬೇರೆ. ಸೆಕ್ಷನ್ 2(2) ಪ್ರಕಾರ ಪ್ಲೇಂಟ್ ರಿಜೆಕ್ಷನ್ ಅಂದ್ರೆ ಡಿಕ್ರಿ, ಸೆಕ್ಷನ್ 96ರಲ್ಲಿ ಅಪೀಲು, ಟೈಮು ಆವತ್ತಿಂದ್ಲೇ ಓಡುತ್ತೆ. ಜಿಲ್ಲಾ ಕೋರ್ಟಿಗಾದ್ರೆ 30 ದಿನ, ಹೈಕೋರ್ಟಿಗಾದ್ರೆ 90. ಆಸ್ತಿ ಭಾಗದ ಕೇಸು ನೋಡಿರೋರಿಗೆ ಗೊತ್ತಿರುತ್ತೆ, ಪ್ರಿಲಿಮಿನರಿ (ಮೊದಲ ಹಂತದ) ಡಿಕ್ರಿ ಮೇಲೆ ಅಪೀಲ್ ಹೋಗ್ದೆ ಕೂತು ಫೈನಲ್ ಡಿಕ್ರೀಲಿ ಬಾಯ್ಬಿಟ್ರೆ ಸೆಕ್ಷನ್ 97 ಬಾಯಿ ಮುಚ್ಸುತ್ತೆ.

ಇನ್ನೊಂದು, ಇದು ನಿಮಗೆ ಒಳ್ಳೇದು. ಪ್ಲೇಂಟ್‌ನ ಅರ್ಧಂಬರ್ಧ ರಿಜೆಕ್ಟ್ ಮಾಡೋ ಹಾಗಿಲ್ಲ. ಸುಪ್ರೀಂ ಕೋರ್ಟ್ 2017ರಲ್ಲಿ ಸೇಜಲ್ ಗ್ಲಾಸ್ ಕೇಸಲ್ಲಿ ಹೇಳ್ತು, 2019ರಲ್ಲಿ ಮಾಧವ್ ಪ್ರಸಾದ್ ಅಗರ್‌ವಾಲ್ ಕೇಸಲ್ಲಿ ಕೆಲವು ಪ್ರತಿವಾದಿಗಳ ಮಟ್ಟಿಗೆ ಮಾತ್ರ ರಿಜೆಕ್ಟ್ ಮಾಡೋಕೂ ಆಗಲ್ಲ, ಹೋದ್ರೆ ಇಡೀ ಪ್ಲೇಂಟ್ ಹೋಗ್ಬೇಕು ಅಂದ್ರು. ಅಪೀಲಲ್ಲಿ ಇದೇ ನಿಮ್ಮ ಮೊದಲ್ನೇ ಗ್ರೌಂಡು.

ಲೆಕ್ಕದಮೇಷ್ಟ್ರು, ಮೈಸೂರು:
ನಾನು ಸಿಎ, ಹಾಗಾಗಿ ಬೈಯೋರು ಬೈಕೊಳ್ಳಿ. ಮೇಲಿನವ್ರು ಹೇಳಿದ್ದು ಬಾಗ್ಲು ತೆಗ್ಸೋ ಮಾತು, ಒಳಗೆ ಹೋದ್ಮೇಲೆ ಕಷ್ಟ ಇರೋದು. ಆಡಿಟ್ ರಿಪೋರ್ಟ್‌ನ ಮೊದಲ್ನೇ ಸಾಲು ನೋಡಿ, ಕಂಪನಿ ಸದಸ್ಯರಿಗೆ ಅಂತ ಇರುತ್ತೆ, ಊರಿನ ಸಮಸ್ತರಿಗೆ ಅಂತಲ್ಲ. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1990ರಲ್ಲಿ ಕಪಾರೊ ಕೇಸಲ್ಲಿ ಇದನ್ನೇ ಹಿಡ್ಕೊಂಡು ರಿಪೋರ್ಟ್ ನೋಡಿ ಷೇರು ಕೊಂಡೋರಿಗೆಲ್ಲಾ ಆಡಿಟರ್ ಹೊಣೆ ಅಲ್ಲ ಅಂದ್ರು, ನಿಮ್ಮ ಎದುರುಪಾರ್ಟಿ ಓದೋದು ಅದನ್ನೇ, ಬರ್ದಿಟ್ಕೊಳ್ಳಿ. ನಮ್ಮ ಕಂಪನಿ ಕಾಯ್ದೆ 2013ರ ಸೆಕ್ಷನ್ 147ರಲ್ಲಿ ನಷ್ಟ ತುಂಬ್ಕೊಡೋ ಮಾತಿದೆ, ಆದ್ರೆ ಆಡಿಟರ್‌ಗೆ ಮೊದ್ಲು ಶಿಕ್ಷೆ ಆಗಿರ್ಬೇಕು, ಮುಂಚೆ ಬೇರೆ ಯಾರಿಗಾದ್ರೂ ಅಂತ ಇದ್ದಿದ್ದನ್ನ 2017ರ ತಿದ್ದುಪಡೀಲಿ ಸದಸ್ಯರು ಮತ್ತೆ ಸಾಲ ಕೊಟ್ಟೋರು ಅಂತ ಕಿರಿದು ಮಾಡಿದ್ರು. ಡಿಪಾಸಿಟ್ ಇಟ್ಟೋರು ಅಂದ್ರೆ ಕಂಪನಿಗೆ ಸಾಲ ಕೊಟ್ಟೋರೇ, ಇದನ್ನ ನಿಮ್ಮ ಲಾಯರ್ ಬಿಡ್ಬಾರ್ದು.

ಆಮೇಲೆ ತಾರೀಕು. ರಿಪೋರ್ಟ್ ಸೈನ್ ಆದ ದಿನ ಯಾವ್ದು, ಅಪ್ಪ ದುಡ್ಡು ಕಟ್ಟಿದ್ದು ಯಾವಾಗ? ಮೊದ್ಲೇ ಕಟ್ಟಿ ಆಮೇಲೆ ರಿಪೋರ್ಟ್ ಬಂದಿದ್ರೆ ನಂಬಿ ಕಟ್ಟಿದ್ವಿ ಅನ್ನೋ ಮಾತೇ ಬಿದ್ದೋಗುತ್ತೆ. ಆ ಬುಕ್ಲೆಟ್ ಜೋಪಾನ. 2019 ಜುಲೈ ಆದ್ಮೇಲಿನ ರಿಪೋರ್ಟಾಗಿದ್ರೆ 18 ಅಂಕಿಯ ಯುಡಿಐಎನ್ ನಂಬರ್ (ಪ್ರತಿ ರಿಪೋರ್ಟಿಗೂ ಬೇರೆ ಗುರುತಿನ ನಂಬರ್) ಇರ್ಬೇಕು, ಐಸಿಎಐ (ಸಿಎಗಳ ಸಂಸ್ಥೆ) ಪೋರ್ಟಲಲ್ಲಿ ಹಾಕಿ ನೋಡಿ, ಕೆಲವ್ ಸಲ ಆಡಿಟರ್ ಸೈನೇ ಫೋರ್ಜರಿ ಆಗಿರುತ್ತೆ, ಆಗ ನೀವು ತಪ್ಪು ಮನುಷ್ಯನ ಹಿಂದೆ ಓಡ್ತಿರ್ತೀರ.

ಬೆಲ್ಲದಚ್ಚು, ಮಂಡ್ಯ:
ಗುರೂ ಆಡಿಟರ್ ಹಿಂದೆ ಓಡಾಡೋದ್ ಸರಿ, ಡಿಪಾಸಿಟ್ ಅಂದ್ಮೇಲೆ ಕೆಪಿಐಡಿ ಕಾಯ್ದೆ 2004ರಲ್ಲಿ (ಡಿಪಾಸಿಟ್ ಇಟ್ಟೋರ ಹಿತ ಕಾಯೋ ಕರ್ನಾಟಕದ ಕಾಯ್ದೆ) ಕಂಪ್ಲೇಂಟ್ ಕೊಟ್ಟಿದೀರಾ? ಡೈರೆಕ್ಟರ್‌ಗಳ ಸೈಟು ತ್ವಾಟ ಎಲ್ಲಾ ಅಟ್ಯಾಚ್ ಮಾಡೋ ಪವರ್ ಐತೆ. ಕವಡೆ ಕಾಸಿಲ್ಲ ಅನ್ನೋರ ಹೆಂಡ್ರ ಹೆಸ್ರಲ್ಲಿ ಏನೈತೆ ಅಂತನೂ ನೋಡ್ಬುಡಿ.

ಕಬ್ಬಿನಗದ್ದೆ:
ಕೆಪಿಐಡಿ ಕೊಟ್ಟಿದೀವಿ ಅಣ್ಣ, ಫೈಲು ಮೇಜಿಂದ ಮೇಜಿಗೆ ಹೋಗ್ತಾ ಐತೆ. ಕೋರ್ಟ್ ಆರ್ಡರ್ ನೋಡ್ದೆ, ಆರ್ಡರ್ 7 ರೂಲ್ 11(ಎ), ಎರಡನೇ ಪ್ರತಿವಾದಿ ಅಂದ್ರೆ ಆ ಆಡಿಟ್ ಫರ್ಮ್ ಮಟ್ಟಿಗೆ ದಾವಾ ಕಾರಣ ಇಲ್ಲ ಅಂತ ಬರ್ದವ್ರೆ. ಬುಕ್ಲೆಟ್ ಬೀರೂಲೈತೆ, ರಿಪೋರ್ಟ್ ಸೈನಾಗಿದ್ದು ಆಗಸ್ಟು, ಅಪ್ಪ ಕಟ್ಟಿದ್ದು ಅದೇ ವರ್ಷ ದಸರಾ ಆದ್ಮೇಲೆ. 30 ದಿನ ಹೆಚ್ಚೂಕಮ್ಮಿ ಮುಗೀತಾ ಬಂತು, ಸರ್ಟಿಫೈಡ್ ಕಾಪಿ ಇನ್ನೂ ಕೈಗೆ ಬಂದಿಲ್ಲ, ಏನ್ ಮಾಡೋದು?

ಕೋರ್ಟ್‌ಕಟ್ಟೆ:
ತಾರೀಕು ನಿಮ್ಮ ಕಡೆಗೇ ಇದೆ. ಕಾಪಿಗೆ ಅರ್ಜಿ ಹಾಕಿದ್ದು 30 ದಿನದೊಳಗಾಗಿದ್ರೆ, ಅದು ರೆಡಿ ಆಗೋಕೆ ಹಿಡ್ದ ದಿನ ಲಿಮಿಟೇಶನ್ (ಕಾಲಮಿತಿ) ಕಾಯ್ದೆ ಸೆಕ್ಷನ್ 12ರಲ್ಲಿ ಕಳೆಯುತ್ತೆ, ಕೊನೇ ಪುಟದ ಸೀಲಲ್ಲಿ ಅರ್ಜಿ ದಿನ, ರೆಡಿ ಆದ ದಿನ ಎರಡೂ ಇರುತ್ತೆ, ಸೀಲ್ ಸರಿಯಾಗಿ ಬಿದ್ದಿದ್ಯಾ ನೋಡ್ಕೊಂಡೇ ಕೌಂಟರ್ ಬಿಡಿ. ಅರ್ಜಿ ಹಾಕಿಲ್ಲಾಂದ್ರೆ ಇವತ್ತೇ ಹಾಕಿ. ಅದಕ್ಕೂ ಮೀರಿ ತಡವಾದ್ರೆ ಅದೇ ಕಾಯ್ದೆ ಸೆಕ್ಷನ್ 5ರ ಐಎ (ತಡ ಮನ್ನಿಸಿ ಅನ್ನೋ ಅರ್ಜಿ), ದಿನದಿನದ್ದೂ ಕಾರಣ ಬರೆದು. ಕೋರ್ಟ್ ಫೀ ಕೇಳೋಕ್ ಮುಂಚೆನೇ ಹೇಳ್ಬಿಡ್ತೀನಿ, ಅಪೀಲಿಗೂ ದಾವೆ ಲೆಕ್ಕದಲ್ಲೇ ಫೀ, ಎಲ್ರೂ ಹಂಚ್ಕೊಳ್ಳಿ. ಮತ್ತೆ ಅಪೀಲ್ ಮೆಮೋಲಿ ಕಂಪನಿ, ಡೈರೆಕ್ಟರ್‌ಗಳನ್ನೂ ರೆಸ್ಪಾಂಡೆಂಟ್ (ಎದುರುಪಾರ್ಟಿ) ಮಾಡಿ, ಬಿಟ್ರೆ ಆಫೀಸ್ ಆಬ್ಜೆಕ್ಷನ್ ಹಾಕಿ ವಾಪಸ್ ಕಳ್ಸ್ತಾರೆ.