ಬಿಡಿಬಿಡಿಯಾಗಿ ಸಾಫ್ಟ್‌ವೇರ್ ಟೆಸ್ಟ್ ಎಲ್ಲಾ ಪಾಸ್, ಸೇರಿಸಿದರೆ ಫೇಲ್. ರಿಲೀಸ್‌ಗೆ ಮುಂಚೆ ನೀವು ಏನು ಮಾಡುತ್ತೀರಿ?

ರಾಗಿಮುದ್ದೆ ಕೇಳಿದ್ದು:
ನಮ್ಮಲ್ಲಿ 9 ಸರ್ವಿಸ್ (ಒಂದೊಂದು ಕೆಲಸಕ್ಕೆ ಒಂದೊಂದು ಸಣ್ಣ ಪ್ರೋಗ್ರಾಂ) ಇವೆ, ಎಲ್ಲವೂ ಅಮೆಜಾನ್ ಕ್ಲೌಡ್ ಎಡಬ್ಲ್ಯೂಎಸ್ ಮೇಲೆ. ಯೂನಿಟ್ ಟೆಸ್ಟ್ (ಒಂದೊಂದೇ ಭಾಗದ ಪರೀಕ್ಷೆ) ಎಲ್ಲಾ ಹಸಿರು, ಅಂದರೆ ಪಾಸ್. ಆದರೂ ಹೋದ ಗುರುವಾರ ರಿಲೀಸ್ ಆಗಿ ಅರ್ಧ ಗಂಟೆಗೆ ಗ್ರಾಹಕರೊಬ್ಬರ ಫೋನ್. 499 ರೂಪಾಯಿ ಆರ್ಡರ್‌ಗೆ 49,900ರ ಬಿಲ್! ಪೇಮೆಂಟ್ ಟೀಮ್ ಮೊತ್ತವನ್ನು ಪೈಸೆಯಲ್ಲಿ ಕಳಿಸಲು ಶುರು ಮಾಡಿತ್ತು. ಬಿಲ್ಲಿಂಗ್ ಕೋಡ್ ನನ್ನದು, ನಾನು ರೂಪಾಯಿ ಅಂತಲೇ ಓದುತ್ತಿದ್ದೆ. ಟೆಸ್ಟಿನಲ್ಲಿ ಮಾಕ್, ಅಂದರೆ ನಿಜವಾದ ಪೇಮೆಂಟ್ ಸರ್ವಿಸ್ ಬದಲು ಒಂದು ನಕಲಿ, ಇತ್ತು. ಅದನ್ನು ಬರೆದವನೂ ನಾನೇ. ನಾನು ಅಂದುಕೊಂಡಿದ್ದನ್ನೇ ಅದು ನನಗೆ ವಾಪಸ್ ಒಪ್ಪಿಸುತ್ತಿತ್ತು.

ಸ್ಟೇಜಿಂಗ್ (ರಿಲೀಸ್‌ಗೆ ಮುಂಚೆ ಎಲ್ಲಾ ಸೇರಿಸಿ ಓಡಿಸಿ ನೋಡುವ ಜಾಗ) ಇದೆ, ನಾಲ್ಕು ಟೀಮಿಗೆ ಒಂದೇ. ಬೀದಿ ನಲ್ಲಿ ಇದ್ದ ಹಾಗೆ. ಯಾರೋ ಅರ್ಧಂಬರ್ಧ ಕೋಡ್ ಹಾಕಿರುತ್ತಾರೆ, ನನ್ನ ಟೆಸ್ಟ್ ಬೀಳುತ್ತದೆ. ಈಗ ಕೆಂಪು ಕಂಡರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, 'ಇನ್ನೊಂದ್ಸಲ ಓಡಿಸು' ಅಷ್ಟೇ. ಮ್ಯಾನೇಜರ್ 200 ಎಂಡ್ ಟು ಎಂಡ್ ಟೆಸ್ಟ್ (ಎಲ್ಲಾ ಸರ್ವಿಸ್ ಸೇರಿಸಿ ಮೊದಲಿಂದ ಕೊನೆವರೆಗಿನ ಪರೀಕ್ಷೆ) ಬರೆಯಿರಿ ಅನ್ನುತ್ತಿದ್ದಾರೆ. ಬೇಕಾ?

ನೀರ್‌ದೋಸೆ:
ಬೇಡ ಮಾರಾಯ್ರೇ. ಆರ್ಡರ್, ಪೇಮೆಂಟ್, ರೀಫಂಡ್ ದಾರಿಗೆ ಐದಾರು ಇದ್ದರೆ ಸಾಕು. ಉಳಿದದ್ದಕ್ಕೆ ಪ್ಯಾಕ್ಟ್ ನೋಡಿ, ಎರಡು ಸರ್ವಿಸ್ ನಡುವಿನ ಒಪ್ಪಂದ ಪರೀಕ್ಷಿಸುವ ಟೂಲ್ ಅದು. ನಿಮ್ಮ ಬಿಲ್ಲಿಂಗ್ ಟೆಸ್ಟ್ ಓಡಿದಾಗ 'ನನಗೆ ಇಂಥ ಉತ್ತರ ಬೇಕು' ಅಂತ ಒಂದು ಜೇಸನ್ ಫೈಲ್ ಆಗುತ್ತದೆ. ಪೇಮೆಂಟ್‌ನವರ ಬಿಲ್ಡ್ ಆ ಫೈಲ್ ಹಿಡಿದು ಅವರ ನಿಜವಾದ ಸರ್ವಿಸನ್ನೇ ಕೇಳುತ್ತದೆ. ಸ್ಟೇಜಿಂಗ್ ಬೇಕಾಗಿಯೇ ಇಲ್ಲ.

ಕ್ಯೂನಲ್ಲಿ_ನಿಂತವ:
ಒಂದು ಕಡೆ ಹುಷಾರು. ಪ್ಯಾಕ್ಟ್‌ನ 'ಲೈಕ್' ಮ್ಯಾಚರ್ ಬರೀ ಡೇಟಾ ಟೈಪ್ (ಸಂಖ್ಯೆಯೋ ಅಕ್ಷರವೋ) ನೋಡುತ್ತದೆ, ಬೆಲೆ ನೋಡುವುದಿಲ್ಲ. 499 ಕೂಡ ಸಂಖ್ಯೆ, 49900 ಕೂಡ ಸಂಖ್ಯೆ. ಪಾಸ್! ಪ್ರೊವೈಡರ್ ಸ್ಟೇಟ್‌ನಲ್ಲಿ (ಟೆಸ್ಟ್‌ಗೆ ಮುಂಚೆ ಪೇಮೆಂಟ್ ಕಡೆ ಸಿದ್ಧ ಮಾಡಿಡುವ ಡೇಟಾ) 499 ರೂಪಾಯಿಯ ಆರ್ಡರ್ ಇಟ್ಟು, ಮೊತ್ತ ಇಷ್ಟೇ ಇರಬೇಕು ಅಂತ ಕಟ್ಟಿ. ಫೀಲ್ಡಿನ ಹೆಸರಿಗೇ 'ಪೈಸೆ' ಅಂತ ಸೇರಿಸಿದರೆ ಇನ್ನೂ ಒಳ್ಳೆಯದು, ಅಲ್ವಾ?

ಎಸ್‌ಕ್ಯೂಎಸ್ (ಸರ್ವಿಸ್‌ಗಳ ನಡುವೆ ಮೆಸೇಜ್ ಸಾಗಿಸುವ ಎಡಬ್ಲ್ಯೂಎಸ್ ಕ್ಯೂ) ಇದೆಯಾ? ಸ್ಟ್ಯಾಂಡರ್ಡ್ ಕ್ಯೂ ಒಂದೇ ಮೆಸೇಜನ್ನು ಎರಡು ಸಲ ಕೊಡಬಹುದು. ವಿಸಿಬಿಲಿಟಿ ಟೈಮ್‌ಔಟ್ (ಒಬ್ಬ ತೆಗೆದುಕೊಂಡ ಮೆಸೇಜ್ ಉಳಿದವರಿಗೆ ಕಾಣದಿರುವ ಸಮಯ) ನೀವು ಮುಟ್ಟದಿದ್ದರೆ 30 ಸೆಕೆಂಡ್. ನಿಮ್ಮ ಕೋಡ್ 40 ತೆಗೆದುಕೊಂಡರೆ ಆ ಮೆಸೇಜ್ ಇನ್ನೊಬ್ಬನ ಕೈಗೂ ಸಿಗುತ್ತದೆ. ಟೆಸ್ಟ್‌ಕಂಟೇನರ್ಸ್‌ನಲ್ಲಿ (ಟೆಸ್ಟ್‌ಗಾಗಿ ತಾತ್ಕಾಲಿಕವಾಗಿ ನಿಜವಾದ ಸಾಫ್ಟ್‌ವೇರ್ ಓಡಿಸುವ ಟೂಲ್) ನಿಜವಾದ ಪೋಸ್ಟ್‌ಗ್ರೆಸ್ ಡೇಟಾಬೇಸ್ ಎಬ್ಬಿಸಿ, ಒಂದೇ ಮೆಸೇಜ್ ಎರಡು ಸಲ ಹಾಕಿ, ಟೇಬಲ್‌ನಲ್ಲಿ ಎಷ್ಟು ಸಾಲು ಬಂತು ಎಣಿಸಿ, ಒಂದೇ ಇರಬೇಕು.

ರಾಗಿಮುದ್ದೆ:
'ಲೈಕ್' ತೆಗೆದು, ಗುರುವಾರದ ಪೇಮೆಂಟ್ ಬಿಲ್ಡ್ ಮೇಲೆ ಓಡಿಸಿದೆ. ಬಿತ್ತು: ಬೇಕಾದದ್ದು 499, ಬಂದದ್ದು 49900. ಇಷ್ಟು ಖುಷಿಯಿಂದ ಕೆಂಪು ನೋಡಿದ್ದು ಇದೇ ಮೊದಲು.

ಆಮೇಲೆ ಮೆಸೇಜ್ ಎರಡು ಸಲ ಹಾಕಿದೆ. ಎರಡು ಬಿಲ್ ಬಂತು. ನಾಳೆ ರಿಲೀಸ್ ಇತ್ತು, ಮುಂದಕ್ಕೆ ಹಾಕಿಸಲು ಮ್ಯಾನೇಜರ್ ಹತ್ತಿರ ಹೊರಟೆ.