ಕಣ್ಣಾರೆ ಕಂಡೇ ಬರೆದರಾ?

ರಾಘು ಮಾವ: (ಫಾರ್ವರ್ಡ್) ಈಜಿಪ್ಟಿನ ಗೋಡೆ ಮೇಲೆ ನರಿ ತಲೆಯ ಮನುಷ್ಯ! ಸಾವಿರಾರು ವರ್ಷಗಳ ಹಿಂದೆ ಇಂಥ ಜೀವಿಗಳು ನಿಜವಾಗಿ ಇದ್ದವು. ಎಲ್ಲರಿಗೂ ಕಳಿಸಿ.

ಮೇಘಾ: ಮಾವ, ಅದು ಅನುಬಿಸ್. ಸತ್ತವರನ್ನು ಕಾಯುವ ದೇವರು. ಅಲ್ಲಿ ಹೆಣಗಳನ್ನು ಮರಳುಗಾಡಿನ ಅಂಚಿನಲ್ಲಿ ಹೂಳುತ್ತಿದ್ದರು. ನರಿಗಳು ಅಲ್ಲೇ ಸುತ್ತಾಡುತ್ತಿದ್ದವು. ಗೋರಿ ಕೆದಕುವ ಪ್ರಾಣಿಯನ್ನೇ ಕಾವಲಿಗೆ ನಿಲ್ಲಿಸಿದರು ಅಂತ ವಿದ್ವಾಂಸರು ಹೇಳುತ್ತಾರೆ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ! 'ಕಂಡಿದ್ದನ್ನು ಬರೆದರು' ಅಂದುಬಿಟ್ಟರೆ ಆ ಕಲಾವಿದರ ತಲೆಗೆ ಬೆಲೆಯೇ ಇಲ್ಲವಾ?

ರಾಘು ಮಾವ: ಹಾಗಾದರೆ ಬೇರೆ ಬೇರೆ ದೇಶದಲ್ಲಿ ಒಂದೇ ಥರ ಹೇಗೆ ಬಂತು? ಗ್ರೀಕರಲ್ಲಿ ಕುದುರೆ ಮೈಯ ಮನುಷ್ಯ, ನಮ್ಮಲ್ಲಿ ನರಸಿಂಹ. ಎಲ್ಲರೂ ಕೂತು ಮಾತಾಡಿಕೊಂಡಿದ್ದರಾ?

ಕಿರಣ್: ಎಲ್ಲರೂ ಪ್ರಾಣಿಗಳ ಮಧ್ಯೆಯೇ ಬದುಕಿದ್ದರಲ್ಲ ಮಾವ. ಜರ್ಮನಿಯ ಗುಹೆಯೊಂದರಲ್ಲಿ 1939ರಲ್ಲಿ ಸಿಂಹ ತಲೆಯ ಮನುಷ್ಯನ ಬೊಂಬೆ ಸಿಕ್ಕಿತು. ಮ್ಯಾಮತ್ ಅನ್ನುವ, ಈಗ ಅಳಿದುಹೋದ ಕೂದಲು ಮೈಯ ಆನೆಯ ದಂತದ್ದು, ಸುಮಾರು 31 ಸೆಂ.ಮೀ. ಎತ್ತರ, ಹತ್ತಿರ ಹತ್ತಿರ 40,000 ವರ್ಷ ಹಳೆಯದು. ಆ ಕಾಲದ ಸಿಂಹದ ಮೂಳೆ ಸಿಕ್ಕಿದೆ, ಮನುಷ್ಯರ ಮೂಳೆ ಸಿಕ್ಕಿದೆ. ಎರಡೂ ಸೇರಿದ್ದು ಎಲ್ಲೂ ಸಿಕ್ಕಿಲ್ಲ.

ಸುಧಾ ಚಿಕ್ಕಮ್ಮ: ಹಾಗಂತ ಎಲ್ಲಾ ಕಟ್ಟುಕಥೆ ಅನ್ನಬೇಡಿ. ಅವರಿಗೆ ಅದು ದೇವರು. ನಂಬಿಕೆ ಇಲ್ಲದೆ ಯಾರೂ ಅಷ್ಟು ಕಷ್ಟಪಡುವುದಿಲ್ಲ.

ಮೇಘಾ: ಸುಮ್ನೆ ಮಾಡಿದ್ದು ಅಂತ ನಾನೂ ಹೇಳುತ್ತಿಲ್ಲ ಚಿಕ್ಕಮ್ಮ. ಕಲ್ಲಿನ ಉಳಿಯಲ್ಲಿ ಆ ದಂತ ಕೆತ್ತೋಕೆ ನೂರಾರು ಗಂಟೆ ಬೇಕು. ಆದರೆ ನಂಬುವುದು ಬೇರೆ, ಕಣ್ಣಲ್ಲಿ ನೋಡುವುದು ಬೇರೆ. ಈಗಿನ ಇರಾಕ್ ಕಡೆಯ ಹಳೇ ರಾಜ್ಯ ಅಸ್ಸೀರಿಯಾದ ರಾಜ 2ನೇ ಸಾರ್ಗಾನ್ ಅರಮನೆ ಬಾಗಿಲಲ್ಲಿ ಲಮಸ್ಸು ಅನ್ನುವ ಕಾವಲು ಶಿಲ್ಪ ನಿಂತಿತ್ತು. ಕ್ರಿ.ಪೂ. 8ನೇ ಶತಮಾನದ್ದು. ಹೋರಿಯ ಮೈ, ರೆಕ್ಕೆ, ಗಡ್ಡದ ಮನುಷ್ಯನ ಮುಖ. ಅದಕ್ಕೆ ಕಾಲು 5! ಎದುರಿಂದ ನೋಡಿದರೆ ಎರಡು ಕಾಲೂರಿ ನಿಂತಿದೆ, ಪಕ್ಕದಿಂದ ನೋಡಿದರೆ ನಾಲ್ಕು ಕಾಲಲ್ಲಿ ನಡೆಯುತ್ತಿದೆ. ಬಾಗಿಲಿಗೆ ಬರುವವನು ಎಲ್ಲಿಂದ ನೋಡುತ್ತಾನೆ ಅಂತ ಲೆಕ್ಕ ಹಾಕಿ ಕೆತ್ತಿದ್ದಾರೆ.

ಕಿರಣ್: ಮತ್ತೆ, ಎಲ್ಲವೂ ದೇವರೇ ಅಲ್ಲ. ಈಜಿಪ್ಟಿನದೇ ಒಂದು ಪಪೈರಸ್‌ನಲ್ಲಿ (ಜೊಂಡಿನಿಂದ ಮಾಡಿದ ಹಳೇ ಕಾಗದ) ಸಿಂಹವೂ ಜಿಂಕೆಯೂ ಎದುರುಬದುರು ಕೂತು ಮಣೆಯಾಟ ಆಡುತ್ತವೆ. ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಜಪಾನಿನ ಕೊಸಾನ್‌ಜಿ ದೇವಸ್ಥಾನದ ಹಳೇ ಸುರುಳಿ ಚಿತ್ರದಲ್ಲಿ ಕಪ್ಪೆ ಮೊಲದ ಜೊತೆ ಕುಸ್ತಿ ಮಾಡುತ್ತೆ. ಕಪ್ಪೆಯೇ ಬುದ್ಧನ ಹಾಗೆ ಕೂತಿದೆ, ಸನ್ಯಾಸಿ ವೇಷದ ಕೋತಿ ಅದರ ಮುಂದೆ ಕೂತು ಮಂತ್ರ ಹೇಳುತ್ತೆ.

ಸುಧಾ ಚಿಕ್ಕಮ್ಮ: ಕಪ್ಪೆ ಬುದ್ಧನಾ? ದೇವಸ್ಥಾನದವರೇ ಅದನ್ನು ಕಾಪಾಡಿ ಇಟ್ಟುಕೊಂಡರಾ? ಫೋಟೋ ಹಾಕು ಕಿರಣ್, ನೋಡಲೇಬೇಕು.

ರಾಘು ಮಾವ: ನಗೋಕೆ ಬರೆದದ್ದು ಬೇರೆ ವಿಷಯ. ನೋಡದೆ ಯಾರೂ ಅಷ್ಟು ವಿವರವಾಗಿ ಬರೆಯೋಕೆ ಆಗಲ್ಲ.

ಮೇಘಾ: ಆಗುತ್ತೆ ಮಾವ. 1515ರಲ್ಲಿ ಜರ್ಮನಿಯ ಕಲಾವಿದ ಡ್ಯೂರರ್ ಘೇಂಡಾಮೃಗದ ಚಿತ್ರ ಮಾಡಿದ. ಆ ಪ್ರಾಣಿಯನ್ನು ಅವನು ನೋಡಿಯೇ ಇರಲಿಲ್ಲ. ಪೋರ್ಚುಗಲ್‌ನ ಲಿಸ್ಬನ್‌ಗೆ ಬಂದಿದ್ದ ಘೇಂಡಾಮೃಗದ ವರ್ಣನೆ, ಒಂದು ಸ್ಕೆಚ್, ಅಷ್ಟೇ ಸಿಕ್ಕಿದ್ದು. ಮೈಗೆಲ್ಲ ಯುದ್ಧದ ಕವಚ ತೊಡಿಸಿದ ಹಾಗೆ ಬರೆದ. ಬೆನ್ನ ಮೇಲೆ ಇನ್ನೊಂದು ಪುಟ್ಟ ಕೊಂಬು ಬೇರೆ. ಯುರೋಪ್ ಅದನ್ನೇ ಎಷ್ಟೋ ಕಾಲ ನಿಜ ಅಂತ ನಂಬಿತ್ತು.

ರಾಘು ಮಾವ: ನೋಡು, ಘೇಂಡಾಮೃಗ ಇತ್ತು ತಾನೇ! ನಾನು ಹೇಳಿದ್ದೂ ಅದೇ. ಮೂಲದಲ್ಲಿ ಏನೋ ಒಂದು ಇದ್ದೇ ಇರುತ್ತದೆ.

ಮೇಘಾ: ಘೇಂಡಾಮೃಗ ಇತ್ತು, ಬೆನ್ನ ಮೇಲಿನ ಕೊಂಬು ಇರಲಿಲ್ಲ. ಈ ಫಾರ್ವರ್ಡ್ ಆ ಕೊಂಬೂ ಇತ್ತು ಅನ್ನುತ್ತಿದೆ. ದಯವಿಟ್ಟು ಬೇರೆ ಗ್ರೂಪ್‌ಗಳಿಗೆ ಕಳಿಸಬೇಡಿ ಮಾವ.